ಕೂಗಿ ಹೇಳದ ಒತ್ತಡ

ನಾಟಿ ಮುಗಿದು ಕೈಲ್ ಪೊಳ್ದ್ ಹತ್ತಿರ ಬಂತೆಂದರೆ ಕೊಡಗಿನ ನಾಪೋಕ್ಲು ಸುತ್ತಿನ ಮನೆಗಳಲ್ಲಿ ಕೋವಿ ಹೊರಗೆ ಬರುತ್ತದೆ. ಮಳೆಗಾಲವಿಡೀ ಬೀರುವಿನಲ್ಲಿ ಮಲಗಿದ್ದ ನಳಿಗೆಗೆ ಎಣ್ಣೆ ಬೀಳುತ್ತದೆ. ಹಬ್ಬದ ದಿನ ಒಡಿಕತ್ತಿ, ಪೀಚೆಕತ್ತಿಗಳ ಜೊತೆ ಅದನ್ನೂ ಇಟ್ಟು, ತೋಕ್ ಪೂ ಎಂಬ ಹೂ ಸಿಕ್ಕಿಸಿ ಪೂಜೆ ಮಾಡುತ್ತಾರೆ. ಆಮೇಲೆ ಮೈದಾನದಲ್ಲಿ ತೆಂಗಿನಕಾಯಿಗೆ ಗುರಿ ಹಿಡಿಯುವ ಪೈಪೋಟಿ. ನವೆಂಬರ್ ಕೊನೆಗೋ ಡಿಸೆಂಬರಿಗೋ ಸುಗ್ಗಿಯ ಹಬ್ಬ ಪುತ್ತರಿ. ಕಕ್ಕಬ್ಬೆಯ ಪಾಡಿ ಇಗ್ಗುತಪ್ಪ ದೇವಸ್ಥಾನದಲ್ಲಿ ನಿಗದಿಯಾದ ಮುಹೂರ್ತಕ್ಕೆ ಗದ್ದೆಯಲ್ಲಿ ಕದಿರು ಕೊಯ್ಯುವಾಗ ಒಂದು ಗುಂಡು. ಮನೆಯಲ್ಲಿ ಗಂಡುಮಗು ಹುಟ್ಟಿದರೆ ಒಂದು, ಸಾವಾದರೆ ಬೆನ್ನುಬೆನ್ನಿಗೆ ಎರಡು.

ಹೀಗೆ ವರ್ಷಕ್ಕೆ ನಾಲ್ಕಾರು ಸಲ ಮಾತ್ರ ಸದ್ದು ಮಾಡುವ ಕೋವಿ, ದಿನಾ ಬಳಸುವ ಕೋವಿಗಿಂತ ಹೆಚ್ಚು ಎಚ್ಚರ ಬೇಡುತ್ತದೆ. ಅದಕ್ಕೆ ಎಷ್ಟು ಮದ್ದು, ಯಾವ ತೋಟೆ ಎಂಬುದೆಲ್ಲ ಬಾಯಿಂದ ಬಾಯಿಗೆ ಬಂದ ಲೆಕ್ಕ. ಅಜ್ಜ ಅಪ್ಪನಿಗೆ ಹೇಳಿದ್ದು, ಅಪ್ಪ ಮಗನಿಗೆ ಹೇಳಿದ್ದು. ಈ ನಡುವೆ ಮದ್ದು ಬದಲಾಗಿದೆ, ತೋಟೆಯ ಉದ್ದ ಬದಲಾಗಿದೆ, ನಳಿಗೆಯೊಳಗೆ ಎಷ್ಟೋ ಮಳೆಗಾಲಗಳ ತುಕ್ಕು ಕೂತಿದೆ. ಲೆಕ್ಕ ಮಾತ್ರ ಹಾಗೇ ಇದೆ. ‘ಹೋದ ವರ್ಷವೂ ಇಷ್ಟೇ ಹಾಕಿ ಹೊಡೆದಿದ್ದೆವು, ಏನೂ ಆಗಲಿಲ್ಲ’ ಎನ್ನುವ ಮಾತು ನಮ್ಮ ಕಡೆ ಯಾರ ಕಿವಿಗೂ ಹೊಸದಲ್ಲ. ನಳಿಗೆಯೊಳಗಿನ ಒತ್ತಡದ ವಿಷಯದಲ್ಲಿ ಇದರಷ್ಟು ಪೊಳ್ಳು ಸಾಕ್ಷಿ ಬೇರೊಂದಿಲ್ಲ ಎಂಬುದೇ ನನ್ನ ತಕರಾರು.

ಅಡುಗೆಮನೆಯ ಕುಕ್ಕರ್ ಕೂಗುವುದು ಒಳಗಿನ ಒತ್ತಡ ಹೊರಗಿನ ಗಾಳಿಗಿಂತ ಸುಮಾರು 1 ಬಾರ್ ಹೆಚ್ಚಾದಾಗ. 12 ಬೋರ್ ತೋಟೆ ಸಿಡಿದಾಗ ನಳಿಗೆಯ ಬುಡದಲ್ಲಿ ಏಳುವ ಒತ್ತಡಕ್ಕೆ ಯುರೋಪಿನ ಸಿಐಪಿ ಸಂಸ್ಥೆ ಇಟ್ಟಿರುವ ಸಾಮಾನ್ಯ ಮಿತಿ 740 ಬಾರ್. ಅಮೆರಿಕದ ತಯಾರಕರ ಸಂಸ್ಥೆಯ ಲೆಕ್ಕದಲ್ಲಿ ಅದು ಚದರ ಅಂಗುಲಕ್ಕೆ 11,500 ಪೌಂಡ್. ಸೆಕೆಂಡಿನ ಸಾವಿರದ ಒಂದು ಪಾಲು ಕಳೆಯುವುದರೊಳಗೆ, ಚರೆ ಒಂದೆರಡು ಅಂಗುಲ ಮುಂದೆ ಸರಿಯುವಷ್ಟರಲ್ಲಿ, ಒತ್ತಡ ತುದಿ ಮುಟ್ಟಿ ಇಳಿಯತೊಡಗುತ್ತದೆ. ಕುಕ್ಕರಿಗೆ ಸೀಟಿ ಇದೆ, ಸೀಟಿ ಕೈಕೊಟ್ಟರೆ ಸೇಫ್ಟಿ ವಾಲ್ವ್ ಇದೆ. ಕೋವಿಗೆ ಎರಡೂ ಇಲ್ಲ. ಮಿತಿ ಮೀರಿದ ಅನಿಲ ಉಕ್ಕನ್ನು ಸೀಳಿಕೊಂಡೇ ಹೊರಬರಬೇಕು. ಅದು ಸೀಳುವ ಜಾಗದ ಕೆಳಗೆ ಎಡಗೈ, ಹಿಂದೆ ಕೆನ್ನೆ, ಕಣ್ಣು.

ನಮ್ಮ ಮನೆಗಳಲ್ಲಿ ಎರಡು ಬಗೆಯ ಕೋವಿಗಳಿವೆ. ಒಂದು, ಬಾಯಿಂದ ಮದ್ದು ತುಂಬುವ ಕೇಪಿನ ಕೋವಿ, ದಾಖಲೆ ಪುಸ್ತಕದಲ್ಲಿ ಎಸ್‌ಬಿಎಂಎಲ್ ಎಂದು ಬರೆದಿರುವಂಥದ್ದು. ಇನ್ನೊಂದು, ಬುಡ ಮಡಚಿ ತೋಟೆ ಹಾಕುವ ಒಂಟಿ ಅಥವಾ ಜೋಡು ನಳಿಗೆಯ ತೋಟೆ ಕೋವಿ. ಎರಡರ ಅಪಾಯವೂ ಒಂದೇ ಕಡೆ ಬಂದು ಸೇರುತ್ತದೆ: ಮದ್ದಿನ ಗುಣ ತಿಳಿಯದೆ ಅದರ ಅಳತೆಯನ್ನು ನಂಬುವುದು.

ಕೇಪಿನ ಕೋವಿಗೆ ಹಾಕುವ ಕರಿಮದ್ದು ಪೆಟ್ಲುಪ್ಪು, ಇದ್ದಿಲು, ಗಂಧಕಗಳ ಮಿಶ್ರಣ. ಅದು ಉರಿದಾಗ ಅರ್ಧಕ್ಕಿಂತ ಹೆಚ್ಚು ಭಾಗ ಹೊಗೆಯಾಗಿ, ಮಸಿಯಾಗಿ ಉಳಿಯುತ್ತದೆ. ಗುಂಡನ್ನು ದೂಡುವ ಅನಿಲವಾಗುವುದು ಉಳಿದ ಭಾಗ ಮಾತ್ರ. ಸುತ್ತಲಿನ ಒತ್ತಡ ಏರಿದರೂ ಕರಿಮದ್ದು ಉರಿಯುವ ವೇಗ ಬಹಳ ಏರುವುದಿಲ್ಲ. ಹಾಗಾಗಿ ಅಳತೆ ಸ್ವಲ್ಪ ಹೆಚ್ಚುಕಡಿಮೆಯಾದರೂ ಹಳೆಯ ನಳಿಗೆ ತಡೆದುಕೊಂಡಿದ್ದುಂಟು. ‘ಮುಚ್ಚಳದ ಲೆಕ್ಕ’ದಂಥ ಕಣ್ಣಂದಾಜಿನ ಅಳತೆಗಳು ಬದುಕಿ ಉಳಿದದ್ದು ಈ ಕಾರಣಕ್ಕೆ.

1884ರಲ್ಲಿ ಫ್ರಾನ್ಸಿನ ಪೌಲ್ ವಿಯೇ ಹೊಗೆ ಬಾರದ ಮದ್ದನ್ನು ಕಂಡುಹಿಡಿದ ಮೇಲೆ ಆ ಲೆಕ್ಕವೆಲ್ಲ ತಲೆಕೆಳಗಾಯಿತು. ಬ್ರಿಟಿಷರು ಕಾರ್ಡೈಟ್ ಮಾಡಿದರು. ನಮಗೆ ದೂರವೇನಲ್ಲದ ನೀಲಗಿರಿಯ ಅರುವಂಕಾಡಿನಲ್ಲಿ 20ನೇ ಶತಮಾನದ ಆರಂಭದಲ್ಲೇ ಅದರ ಕಾರ್ಖಾನೆ ಎದ್ದಿತು. ಇಂದಿನ ತೋಟೆಗಳಲ್ಲಿರುವುದು ಈ ಕುಲದ ಮದ್ದೇ. ಇದು ಹೆಚ್ಚುಕಡಿಮೆ ಪೂರ್ತಿ ಅನಿಲವಾಗುತ್ತದೆ. ಅದಕ್ಕಿಂತ ಮುಖ್ಯವಾದ ಗುಣ ಇನ್ನೊಂದಿದೆ. ಒತ್ತಡ ಏರಿದಂತೆ ಈ ಮದ್ದು ಇನ್ನೂ ವೇಗವಾಗಿ ಉರಿಯುತ್ತದೆ. ವೇಗವಾಗಿ ಉರಿದಷ್ಟೂ ಒತ್ತಡ ಮತ್ತೆ ಏರುತ್ತದೆ. ಹತ್ತು ಪಾಲು ಮದ್ದಿಗೆ ಒಂದು ಪಾಲು ಸೇರಿಸಿದರೆ ಒತ್ತಡವೂ ಹತ್ತರಲ್ಲೊಂದು ಪಾಲು ಏರಿ ಸುಮ್ಮನಾಗುವುದಿಲ್ಲ, ಅದಕ್ಕಿಂತ ಎಷ್ಟೋ ಮೇಲೆ ಹೋಗುತ್ತದೆ. ಮಿತಿಯ ಹತ್ತಿರ ಬಂದಷ್ಟೂ ಈ ಏರಿಕೆ ಕಡಿದಾಗುತ್ತದೆ.

ಆದ್ದರಿಂದ ಹೇಳಬೇಕಾದ ಮೊದಲ ಮಾತು ಇದು: ತೋಟೆ ಬಿಚ್ಚಿ ಅದರ ಮದ್ದನ್ನು ಕೇಪಿನ ಕೋವಿಗೆ ಸುರಿಯುವುದು ಎಂದರೆ ಕೋವಿಯನ್ನೇ ಸಿಡಿಮದ್ದು ಮಾಡಿದಂತೆ. ಕರಿಮದ್ದು ಸಿಗುವುದಿಲ್ಲ, ತೋಟೆ ಮನೆಯಲ್ಲಿದೆ ಎಂದು ಈ ಕೆಲಸಕ್ಕೆ ಕೈಹಾಕುವವರಿದ್ದಾರೆ. ಎಷ್ಟೇ ಕಡಿಮೆ ಹಾಕಿದರೂ ಇದಕ್ಕೆ ಕ್ಷೇಮದ ಅಳತೆ ಎಂಬುದಿಲ್ಲ. ಆ ನಳಿಗೆಯನ್ನು ಮಾಡಿದವನು ಆ ಮದ್ದನ್ನು ಮನಸ್ಸಿನಲ್ಲಿಟ್ಟುಕೊಂಡಿರಲಿಲ್ಲ.

ಕೇಪಿನ ಕೋವಿಯಲ್ಲಿ ಇನ್ನೂ ಎರಡು ಕಡೆ ಒತ್ತಡ ಮೋಸ ಮಾಡುತ್ತದೆ. ಒಂದು, ಎರಡು ಸಲ ತುಂಬುವುದು. ಹೋದ ಪುತ್ತರಿಗೆ ತುಂಬಿದ್ದನ್ನು ಹೊಡೆಯದೆ ಇಟ್ಟಿರುತ್ತಾರೆ. ಈ ವರ್ಷ ಇನ್ನೊಬ್ಬರು ಅದರ ಮೇಲೆ ಮತ್ತೆ ತುಂಬುತ್ತಾರೆ. ಇದನ್ನು ಕಂಡುಕೊಳ್ಳಲು ಮದ್ದು ಜಡಿಯುವ ಗಜವೊಂದೇ ಸಾಕು. ಮೊದಲು ಕೇಪು ಇಲ್ಲವೆಂದು ನೋಡಿಕೊಳ್ಳಿ. ನಳಿಗೆಯ ಬಾಯಿಯನ್ನು ಯಾರೂ ಇಲ್ಲದ ದಿಕ್ಕಿಗೆ ತಿರುಗಿಸಿ, ಕೈಯನ್ನಾಗಲಿ ಮುಖವನ್ನಾಗಲಿ ಅದರ ನೇರಕ್ಕೆ ತರದೆ, ಗಜವನ್ನು ತಳ ಮುಟ್ಟುವವರೆಗೆ ಇಳಿಬಿಡಿ. ನಳಿಗೆಯ ಬಾಯಿಯ ಮಟ್ಟಕ್ಕೆ ಗಜದ ಮೇಲೆ ಒಂದು ಗುರುತು ಹಾಕಿ ಹೊರಗೆ ತೆಗೆಯಿರಿ. ಅದನ್ನು ನಳಿಗೆಯ ಹೊರಮೈಗೆ ಹಿಡಿದು, ಗುರುತನ್ನು ಬಾಯಿಗೆ ಸರಿಹೊಂದಿಸಿದರೆ, ಗಜದ ತುದಿ ಕೇಪು ಕೂರುವ ಮೊಲೆಯ ಹತ್ತಿರ ಬರಬೇಕು. ಎರಡು ಮೂರು ಅಂಗುಲ ಮುಂದೆಯೇ ನಿಂತರೆ ಒಳಗೆ ಏನೋ ಇದೆ. ಖಾಲಿ ಇದ್ದಾಗಿನ ಗುರುತನ್ನು ಗಜದ ಮೇಲೆ ಶಾಶ್ವತವಾಗಿ ಗೀರಿಟ್ಟರೆ ಮುಂದಿನವರಿಗೆ ಅಳೆಯುವ ಕೆಲಸವೂ ಇರುವುದಿಲ್ಲ.

ಎರಡನೆಯದು ಸರಿಯಾಗಿ ಜಡಿಯದಿರುವುದು. ಮದ್ದಿಗೂ ಅದರ ಮೇಲಿನ ನಾರಿಗೂ ಗುಂಡಿಗೂ ನಡುವೆ ಖಾಲಿ ಜಾಗ ಉಳಿದರೆ, ಹೊತ್ತಿದ ಅನಿಲ ಆ ಜಾಗದಲ್ಲಿ ಓಡಿಬಂದು ನಿಂತಿದ್ದ ಗುಂಡಿಗೆ ಅಪ್ಪಳಿಸುತ್ತದೆ. ಆ ಜಾಗದಲ್ಲಿ ನಳಿಗೆ ಉಂಗುರದಂತೆ ಉಬ್ಬುತ್ತದೆ, ಇಲ್ಲವೇ ಬಿರಿಯುತ್ತದೆ. ಹಳೆಯ ನಳಿಗೆಯ ಹೊರಮೈಯನ್ನು ಬೆಳಕಿಗೆ ಓರೆಯಾಗಿ ಹಿಡಿದು ಉದ್ದಕ್ಕೂ ಕಣ್ಣಾಡಿಸಿದರೆ ಇಂಥ ಉಬ್ಬು ನೆರಳಿನ ಸುತ್ತಾಗಿ ಕಾಣುತ್ತದೆ. ಕಂಡರೆ ಆ ಕೋವಿಯ ಕೆಲಸ ಅಲ್ಲಿಗೆ ಮುಗಿಯಿತು. ಅದನ್ನು ಬಡಿದು ಸಮ ಮಾಡಿಸುವುದು ರಿಪೇರಿಯಲ್ಲ.

ಈಗ ತೋಟೆ ಕೋವಿ. ಹಳೆಯ ಐನ್‌ಮನೆಗಳಲ್ಲಿ ಇಂಗ್ಲೆಂಡಿನಲ್ಲಿ ಮಾಡಿದ ಜೋಡು ನಳಿಗೆಗಳು ಇನ್ನೂ ಇವೆ, ಅಂದದ ಕೆಲಸದವು. ಅವುಗಳ ಜಾತಕ ನಳಿಗೆಯ ಹೊಟ್ಟೆಯಡಿ ಬರೆದಿರುತ್ತದೆ. ಕೋವಿ ಖಾಲಿ ಎಂದು ಖಚಿತ ಮಾಡಿಕೊಂಡು, ಮುಂಗೈಮರ ಕಳಚಿ, ನಳಿಗೆ ಬೇರ್ಪಡಿಸಿ ತಿರುಗಿಸಿದರೆ ಬುಡದ ಚಪ್ಪಟೆ ಭಾಗದಲ್ಲಿ ಪುಟ್ಟ ಅಚ್ಚುಗಳು ಕಾಣುತ್ತವೆ. ಬ್ರಿಟನ್ನಿನಲ್ಲಿ ಮಾರಾಟಕ್ಕೆ ಮೊದಲು ಪ್ರತಿ ನಳಿಗೆಯೂ ಪ್ರೂಫ್ ಹೌಸಿನಲ್ಲಿ, ಮಾಮೂಲಿಗಿಂತ ಹೆಚ್ಚಿನ ಒತ್ತಡದ ತೋಟೆ ಹೊಡೆಸಿಕೊಂಡು ಪಾಸಾಗಬೇಕು. ಲಂಡನ್ನಿನಲ್ಲಿ ಈ ಪದ್ಧತಿ 17ನೇ ಶತಮಾನದ್ದು. ಬರ್ಮಿಂಗ್‌ಹ್ಯಾಮ್ ಪ್ರೂಫ್ ಹೌಸ್ 1813ರಲ್ಲಿ ಹುಟ್ಟಿತು. 1954ರ ನಿಯಮದ ನಂತರದ ಬರ್ಮಿಂಗ್‌ಹ್ಯಾಮ್ ಕೋವಿಯಾದರೆ ಕಿರೀಟದ ಕೆಳಗೆ ಬಿಎನ್‌ಪಿ ಎಂಬ ಇಂಗ್ಲಿಷ್ ಅಕ್ಷರಗಳು, ಪಕ್ಕದಲ್ಲಿ ಎರಡೂವರೆ ಅಥವಾ ಎರಡೂ ಮುಕ್ಕಾಲು ಅಂಗುಲ ಎಂಬ, ತೋಟೆ ಕೂರುವ ಕೋಣೆಯ ಉದ್ದ, 3 ಟನ್, 3¼ ಟನ್ ಎಂಬ ಒತ್ತಡದ ಅಂಕಿ ಇರುತ್ತವೆ. ಅದಕ್ಕೂ ಹಳೆಯದರಲ್ಲಿ ಒತ್ತಡದ ಬದಲು ಎಷ್ಟು ಔನ್ಸ್ ಚರೆಯವರೆಗೆ ಸರಿ ಎಂಬುದನ್ನು ಮಾತ್ರ ಅಚ್ಚೊತ್ತಿದ್ದುಂಟು. ನೈಟ್ರೋ ಮದ್ದಿಗೆ, ಅಂದರೆ ಹೊಗೆ ಬಾರದ ಮದ್ದಿಗೆ, ಪರೀಕ್ಷೆಯಾದ ಗುರುತೇ ಇಲ್ಲದಿದ್ದರೆ ಆ ನಳಿಗೆ ಕರಿಮದ್ದಿನ ಕಾಲದ್ದೆಂದು ತಿಳಿಯಬೇಕು. ಬಳ್ಳಿಯಂತೆ ಸುರುಳಿ ನಕ್ಷೆ ಕಾಣುವ ಡಮಾಸ್ಕಸ್ ನಳಿಗೆಗಳ ಬಗ್ಗೆ ಈ ಎಚ್ಚರ ಇಮ್ಮಡಿ ಬೇಕು. ಅವು ಕಬ್ಬಿಣ, ಉಕ್ಕಿನ ಪಟ್ಟಿಗಳನ್ನು ಹೊಸೆದು ಬೆಸೆದು ಮಾಡಿದಂಥವು.

ಟನ್ನಿನ ಅಂಕಿಯನ್ನು ಪೌಂಡಿಗೆ ಗುಣಿಸಿ, ‘3 ಟನ್ ಅಂದರೆ 6,720 ಪೌಂಡ್’ ಎಂದು ಇಂದಿನ ಪೆಟ್ಟಿಗೆಯ ಮೇಲಿನ ಅಂಕಿಗೆ ಹೋಲಿಸುವುದೂ ತಪ್ಪು. ಆ ಕಾಲದಲ್ಲಿ ಒತ್ತಡ ಅಳೆಯುತ್ತಿದ್ದುದು ನಳಿಗೆಗೆ ಜೋಡಿಸಿದ ಲೋಹದ ತುಂಡೊಂದು ಎಷ್ಟು ಚಪ್ಪಟೆಯಾಯಿತು ಎಂಬುದರಿಂದ. ಕ್ಷಣಮಾತ್ರ ಏರಿ ಇಳಿಯುವ ತುದಿಯನ್ನು ಆ ತುಂಡು ಪೂರ್ತಿ ಹಿಡಿಯಲಾರದು. ಈಗಿನ ವಿದ್ಯುತ್ ಉಪಕರಣಗಳು ಅದೇ ತೋಟೆಗೆ ಬೇರೆ, ಹೆಚ್ಚಿನ ಅಂಕಿ ಕೊಡುತ್ತವೆ. ಈ ಎರಡು ಬಗೆಯ ಅಂಕಿಗಳನ್ನು ತಾಳೆ ಹಾಕುವುದು ಕೋವಿ ಕೆಲಸ ಬಲ್ಲವರಿಗೆ ಬಿಟ್ಟದ್ದು.

ಕೋಣೆಯ ಉದ್ದದ ವಿಷಯದಲ್ಲಿ ಒಳ್ಳೆಯ ಗುರಿಕಾರರೂ ಮೋಸ ಹೋಗುತ್ತಾರೆ. ತೋಟೆಯ ಪೆಟ್ಟಿಗೆಯ ಮೇಲೆ 70 ಮಿಲಿಮೀಟರ್ ಎಂದಿದ್ದರೆ ಅದು ಹೊಡೆದ ಮೇಲೆ, ಬಾಯಿ ಬಿಚ್ಚಿಕೊಂಡಾಗಿನ ಉದ್ದ. ಹೊಡೆಯುವ ಮೊದಲು ಬಾಯಿ ಮಡಚಿರುವುದರಿಂದ ತೋಟೆ ಗಿಡ್ಡವಾಗಿರುತ್ತದೆ, 65 ಮಿಲಿಮೀಟರಿನ ಹಳೆಯ ಕೋಣೆಯೊಳಗೂ ಸಲೀಸಾಗಿ ಕೂರುತ್ತದೆ, ಕೋವಿ ಸರಿಯಾಗಿ ಮುಚ್ಚುತ್ತದೆ. ಹೊಡೆದಾಗ ಮಡಿಕೆ ಬಿಚ್ಚಲು ಜಾಗ ಸಾಲದೆ ನಳಿಗೆ ಕಿರಿದಾಗುವ ಕಡೆಗೆ ಚಾಚಿಕೊಳ್ಳುತ್ತದೆ. ಚರೆ, ಬಿರಡೆ ಎಲ್ಲ ಆ ಇಕ್ಕಟ್ಟಿನಲ್ಲಿ ಹಾದುಹೋಗಬೇಕು, ಒತ್ತಡ ಏರುತ್ತದೆ. ಒಳಗೆ ಕೂತಿತು ಎಂದ ಮಾತ್ರಕ್ಕೆ ಆ ತೋಟೆ ಆ ಕೋವಿಯದು ಎಂದಾಗುವುದಿಲ್ಲ.

ಖಾಲಿ ತೋಟೆಗೆ ಮತ್ತೆ ಕೇಪು, ಮದ್ದು, ಬಿರಡೆ, ಚರೆ ತುಂಬುವ ಕಲೆ ಜಗತ್ತಿನಲ್ಲಿ ಹೊಸದಲ್ಲ. ವಿಕ್ಟೋರಿಯಾ ರಾಣಿಯ ಕಾಲದ ಶಿಕಾರಿಗಳು ಮೇಜಿಗೆ ಪುಟ್ಟ ಯಂತ್ರ ಬಿಗಿದು ಇದನ್ನೇ ಮಾಡುತ್ತಿದ್ದರು. ಅಮೆರಿಕ, ಯುರೋಪುಗಳ ಗುರಿಕಾರರಲ್ಲಿ ಲಕ್ಷಾಂತರ ಮಂದಿ ಈಗಲೂ ಮಾಡುತ್ತಾರೆ. ಆದರೆ ಅವರು ಅಂದಾಜಿನಲ್ಲಿ ಮಾಡುವುದಿಲ್ಲ. ಮದ್ದಿನ ಕಂಪನಿ ಒತ್ತಡ ಅಳೆದು ಅಚ್ಚು ಹಾಕಿಸಿದ ಪಟ್ಟಿಯಲ್ಲಿ ಇಂಥ ಕಂಪನಿಯ ಖಾಲಿ ತೋಟೆ, ಇಂಥ ಕೇಪು, ಇಂಥ ಮದ್ದು ಇಷ್ಟು ತೂಕ, ಇಂಥ ಬಿರಡೆ, ಚರೆ ಇಷ್ಟು ಎಂದಿರುತ್ತದೆ. ಆ ಐದೂ ಸೇರಿ ಒಂದು ಅಳತೆ. ಅದರಲ್ಲಿ ಒಂದನ್ನು ಬದಲಿಸಿದರೂ ಪಟ್ಟಿ ಸುಳ್ಳಾಗುತ್ತದೆ. ಬರೀ ಕೇಪು ಬದಲಾದರೆ ಚದರ ಅಂಗುಲಕ್ಕೆ ಸಾವಿರಾರು ಪೌಂಡ್ ವ್ಯತ್ಯಾಸ ಬರಬಲ್ಲದು. ಬಿರಡೆ ಬಿಗಿಯಾದರೆ, ಮಡಿಕೆ ಆಳವಾದರೆ, ಚರೆ ಒಂದಿಷ್ಟು ಹೆಚ್ಚಾದರೆ ಪ್ರತಿಯೊಂದೂ ಒತ್ತಡವನ್ನು ಮೇಲಕ್ಕೆ ದೂಡುತ್ತದೆ.

ತೂಕದ ಹೆಸರುಗಳೇ ಗಂಡಾಂತರ ತಂದಿವೆ. ಮದ್ದು ತೂಗುವುದು ಗ್ರೇನಿನಲ್ಲಿ. 1 ಗ್ರಾಮಿಗೆ 15.43 ಗ್ರೇನ್. ತಕ್ಕಡಿಯ ಗುಂಡಿ ಒತ್ತುವಾಗ ಗ್ರೇನು ಗ್ರಾಮಾದರೆ ಏನಾಗುತ್ತದೆಂದು ಲೆಕ್ಕ ಹಾಕಿ ನೋಡಿ. ತೋಟೆಯ ಪೆಟ್ಟಿಗೆಯ ಮೇಲಿನ ‘3 ಡ್ರಾಮ್’ ಎಂಬುದಂತೂ ಇನ್ನೂ ಕೆಟ್ಟದ್ದು. ಒಂದು ಕಾಲದಲ್ಲಿ 3 ಡ್ರಾಮ್, ಅಂದರೆ ಸುಮಾರು 82 ಗ್ರೇನ್, ಕರಿಮದ್ದು ಕೊಡುತ್ತಿದ್ದ ವೇಗಕ್ಕೆ ಈ ತೋಟೆ ಸಮ ಎಂಬುದಷ್ಟೇ ಅದರ ಅರ್ಥ. ಒಳಗೆ ಅಷ್ಟು ತೂಕದ ಮದ್ದಿದೆ ಎಂದಲ್ಲ. ಅಷ್ಟು ತೂಕದ ಹೊಸ ಮದ್ದು ತುಂಬಿದರೆ ಯಾವ ನಳಿಗೆಯೂ ಉಳಿಯುವುದಿಲ್ಲ.

ಹಾಗಾದರೆ ಒತ್ತಡ ಮೀರುತ್ತಿದೆ ಎಂಬುದು ಮೊದಲೇ ಗೊತ್ತಾಗುವುದಿಲ್ಲವೇ? ರೈಫಲಿನಲ್ಲಿ ಸ್ವಲ್ಪ ಗೊತ್ತಾಗುತ್ತದೆ. ಹೊಡೆದ ಹಿತ್ತಾಳೆ ತೋಟೆಯ ಹಿಂಬದಿ ನೋಡಬೇಕು. ಕೇಪಿನ ಅಂಚು ಮಾಮೂಲಾಗಿ ಗುಂಡಗಿರುತ್ತದೆ. ಒತ್ತಡ ಏರಿದಾಗ ಅದು ಒತ್ತಿ ಬಳಿದಂತೆ ಚಪ್ಪಟೆಯಾಗಿ ಸುತ್ತಲಿನ ಸಂದನ್ನೆಲ್ಲ ತುಂಬಿಕೊಳ್ಳುತ್ತದೆ. ಮುಳ್ಳು ಬಡಿದ ಗುಳಿಯ ಸುತ್ತ ಏರಿ ಏಳುತ್ತದೆ, ಕೆಲವೊಮ್ಮೆ ತೂತೇ ಬಿದ್ದಿರುತ್ತದೆ. ಹಿತ್ತಾಳೆಯ ಮೇಲೆ ತೋಟೆ ಹೊರಗೆಸೆಯುವ ಕೊಂಡಿಯ ಜಾಗದಲ್ಲಿ ಹೊಳೆಯುವ ಗುರುತು ಬೀಳುತ್ತದೆ. ಬೋಲ್ಟ್ ಎತ್ತಲು ಬಲ ಹಾಕಬೇಕಾಗುತ್ತದೆ. ಮುಂದಿನ ಸಲ ಕೇಪು ಕೂರಿಸುವಾಗ ಅದರ ಗುಳಿ ಸಡಿಲ ಎನಿಸುತ್ತದೆ. ಇವುಗಳಲ್ಲಿ ಒಂದು ಕಂಡರೂ ಅಲ್ಲಿಗೆ ನಿಲ್ಲಿಸಿ, ಅದೇ ಕಂತಿನ ಉಳಿದ ತೋಟೆಗಳನ್ನು ಬಿಚ್ಚಿಬಿಡಬೇಕು. ರೈಫಲ್ ತೋಟೆ ತುಂಬುವವರು ಪಟ್ಟಿಯ ಗರಿಷ್ಠಕ್ಕಿಂತ ಹತ್ತನೇ ಒಂದು ಪಾಲು ಕೆಳಗಿನಿಂದ ಶುರುಮಾಡಿ ಹಂತಹಂತವಾಗಿ ಏರುವುದು, ಪ್ರತಿ ಹಂತದಲ್ಲೂ ಈ ಗುರುತುಗಳನ್ನು ಹುಡುಕುವುದು ಇದೇ ಕಾರಣಕ್ಕೆ. ಹಾಗಿದ್ದೂ ಈ ಗುರುತುಗಳು ಎಷ್ಟೋ ಸಲ ಮಿತಿ ದಾಟಿದ ಮೇಲೆಯೇ ಕಾಣುತ್ತವೆ.

ತೋಟೆ ಕೋವಿಗೆ ಈ ಪಾಠ ಅನ್ವಯಿಸುವುದೇ ಇಲ್ಲ. 30-06ರಂಥ ರೈಫಲಿನ ಮಿತಿ ಚದರ ಅಂಗುಲಕ್ಕೆ 60,000 ಪೌಂಡ್. 12 ಬೋರಿನ ಮಿತಿ ಅದರ ಐದನೇ ಒಂದು ಪಾಲಿಗಿಂತಲೂ ಕಡಿಮೆ. ರೈಫಲ್ ತೋಟೆಯ ಲೋಹ ಚಪ್ಪಟೆಯಾಗಿ ಎಚ್ಚರಿಕೆ ಕೊಡುವ ಒತ್ತಡ ಬರುವಷ್ಟರಲ್ಲಿ ತೋಟೆ ಕೋವಿ ಎಂದೋ ಬಿರಿದಿರುತ್ತದೆ. ಮಿತಿಯೊಳಗಿನ ತೋಟೆಯೂ ಮಿತಿಯ ಒಂದೂವರೆಪಟ್ಟು ಒತ್ತಡ ಕಂಡ ತೋಟೆಯೂ ಹೊಡೆದ ಮೇಲೆ ನೋಡಲು ಒಂದೇ ಥರ ಇರಬಹುದು. ಕೋವಿ ಮಡಚಲು ಬಿಗಿಯಾದರೆ, ತೋಟೆಯ ಹಿತ್ತಾಳೆ ಬುಡ ಉಬ್ಬಿದ್ದರೆ, ಕೇಪಿನ ಸುತ್ತ ಮಸಿ ಸೋರಿದ್ದರೆ ಅನುಮಾನಿಸಲೇಬೇಕು. ಆದರೆ ಇವು ಕಾಣಲಿಲ್ಲವೆಂದು ನಿಶ್ಚಿಂತರಾಗುವಂತಿಲ್ಲ.

ಭುಜಕ್ಕೆ ಒದ್ದ ಬಲದಿಂದ ಒತ್ತಡ ಹೇಳುವವರೂ ಇದ್ದಾರೆ. ಒದೆತ ನಿಂತಿರುವುದು ಚರೆಯ ತೂಕ ಮತ್ತು ವೇಗದ ಮೇಲೆ. ಬೇಗ ಉರಿಯುವ ಮದ್ದು ಅದೇ ಚರೆಯನ್ನು ಅದೇ ವೇಗದಲ್ಲಿ ಕಳಿಸುವಾಗ ಒದೆತ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ತುದಿಯ ಒತ್ತಡ ಮಾತ್ರ ಎಷ್ಟೋ ಮೇಲೇರಿರುತ್ತದೆ. ಭುಜಕ್ಕೆ ಅದು ತಿಳಿಯುವುದಿಲ್ಲ.

ಸಿಡಿದ ಕೋವಿಯನ್ನು ನೋಡಿದರೆ ಕಾರಣವನ್ನು ಬಹುಮಟ್ಟಿಗೆ ಹೇಳಬಹುದು. ಬುಡದ ಕೋಣೆಯೇ ಬಿರಿದಿದ್ದರೆ ತೋಟೆಯ ಮೇಲೆ ಅನುಮಾನ. ಒತ್ತಡದ ತುದಿ ಏಳುವ ಜಾಗ ಅದೇ. ನಡುವಿನಲ್ಲೋ ಬಾಯಿಯ ಹತ್ತಿರವೋ ಬಿರಿದಿದ್ದರೆ ಅಲ್ಲಿ ಏನೋ ಅಡ್ಡವಿತ್ತು. ನಮ್ಮ ಹವೆಯಲ್ಲಿ ಅದಕ್ಕೆ ಬರವಿಲ್ಲ. ಗೋಡೆಗೆ ಒರಗಿಸಿಟ್ಟ ನಳಿಗೆಯಲ್ಲಿ ಕಣಜ ಮಣ್ಣಿನ ಗೂಡು ಕಟ್ಟುತ್ತದೆ, ಒರೆಸಿದ ಬಟ್ಟೆಯ ಚೂರು ಒಳಗೇ ಉಳಿಯುತ್ತದೆ, ಗದ್ದೆಯ ಬದುವಿನಲ್ಲಿ ಊರಿದರೆ ಕೆಸರು ಮೆತ್ತುತ್ತದೆ. ಮನೆಯಲ್ಲಿ 20 ಬೋರ್ ತೋಟೆಯೂ ಇದ್ದರೆ ಬೇರೆಯೇ ಅಪಾಯ: ಅದು 12 ಬೋರ್ ಕೋಣೆಯಲ್ಲಿ ನಿಲ್ಲದೆ ಮುಂದೆ ಜಾರಿ ನಳಿಗೆಯಲ್ಲಿ ಸಿಕ್ಕಿಕೊಳ್ಳುತ್ತದೆ. ತೋಟೆ ಹಾಕಿಲ್ಲವೆಂದುಕೊಂಡು ಹಿಂದೆ 12 ಬೋರಿನದನ್ನು ಹಾಕಿದರೆ ಎರಡೂ ಒಟ್ಟಿಗೆ ಸಿಡಿಯುತ್ತವೆ. 20 ಬೋರ್ ತೋಟೆಗೆ ಹಳದಿ ಬಣ್ಣ ಕೊಡುವ ರೂಢಿ ಬಂದದ್ದು ಈ ಗೊಂದಲ ತಪ್ಪಿಸಲು.

ಒಂದು ಗುಂಡಿನ ಸದ್ದು ಸಪ್ಪೆಯಾಗಿ ‘ಪುಸ್’ ಎಂದರೆ ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಬಿರಡೆಯೋ ಗುಂಡೋ ನಳಿಗೆಯಲ್ಲೇ ನಿಂತಿರಬಹುದು. ಕೋವಿಯನ್ನು ಗುರಿಯ ಕಡೆಗೇ ಹಿಡಿದು ಅರ್ಧ ಒಂದು ನಿಮಿಷ ಕಾಯಿರಿ. ಒದ್ದೆ ಮದ್ದು ತಡವಾಗಿ ಹೊತ್ತಿಕೊಳ್ಳುವುದುಂಟು. ಆಮೇಲೆ ಬಿಚ್ಚಿ, ತೋಟೆ ತೆಗೆದು, ಬುಡದ ಕಡೆಯಿಂದ ನಳಿಗೆಯಲ್ಲಿ ಬೆಳಕು ಹಾಯುತ್ತದೆಯೇ ನೋಡಿದ ಮೇಲೆಯೇ ಮುಂದಿನದು. ಮಳೆಗಾಲದಲ್ಲಿ ತೇವ ಕುಡಿದ ಮದ್ದನ್ನು ಒಲೆಯ ಮೇಲೆ, ಬಿಸಿಲಲ್ಲಿ ಒಣಗಿಸುವ ಅಭ್ಯಾಸವೂ ಬಿಡಬೇಕಾದ್ದು. ಕರಿಮದ್ದು ಒಂದು ಕಿಡಿಗೆ ಕಾದಿರುತ್ತದೆ. ಹೊಗೆ ಬಾರದ ಮದ್ದು ಅತಿಯಾಗಿ ಒಣಗಿದರೆ ಉರಿಯುವ ವೇಗವೇ ಬದಲಾಗುತ್ತದೆ. ಕಾದ ಜೀಪಿನಲ್ಲಿ ಬಿದ್ದಿದ್ದ ತೋಟೆಯೂ ತಂಪಾಗಿದ್ದ ತೋಟೆಗಿಂತ ಹೆಚ್ಚು ಒತ್ತಡ ಕೊಡುತ್ತದೆ.

ಕಾನೂನಿನ ಮಾತನ್ನೂ ಸ್ಪಷ್ಟವಾಗಿ ಹೇಳಬೇಕು. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರಿಗೆ ಕೊಟ್ಟ, ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳುವ ವಿನಾಯಿತಿ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿಯೂ ಕೊಡವರಿಗೆ ಮತ್ತು ಜಮ್ಮಾ ಭೂಮಿಯ ಹಿಡುವಳಿದಾರರಿಗೆ ಮುಂದುವರಿದಿದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ಈ ವಿನಾಯಿತಿ ಕೋವಿ ಪಡೆಯುವುದಕ್ಕೆ, ಇಟ್ಟುಕೊಳ್ಳುವುದಕ್ಕೆ ಸಂಬಂಧಿಸಿದ್ದು. ಮದ್ದುಗುಂಡು ತಯಾರಿಸುವುದು ಕಾಯ್ದೆಯ 5ನೇ ಸೆಕ್ಷನ್ನಿನ ವಿಷಯ, ಅದಕ್ಕೆ ಬೇರೆ ಪರವಾನಗಿ ಬೇಕು. ಮನೆಯಲ್ಲಿ ಕೂತು ತೋಟೆ ತುಂಬಿದ ಕೈಗೆ ಈ ವಿನಾಯಿತಿಯ ರಕ್ಷಣೆ ಇದೆಯೆಂದು ಯಾರೂ ಭಾವಿಸಬಾರದು.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ಸಲಹೆ ಸರಳ. ಕಾರ್ಖಾನೆಯಲ್ಲಿ ತುಂಬಿದ, ನಿಮ್ಮ ಕೋವಿಯ ಕೋಣೆಯ ಉದ್ದಕ್ಕೂ ಅದರ ಪ್ರೂಫ್ ಗುರುತಿಗೂ ಹೊಂದುವ ತೋಟೆಯನ್ನೇ ಬಳಸಿ. ಯಾರೋ ತುಂಬಿಕೊಟ್ಟ ತೋಟೆ ಎಷ್ಟೇ ಆಪ್ತರದಾದರೂ ಬೇಡ. ಹಬ್ಬಕ್ಕೆ ವಾರವಿದೆ ಎನ್ನುವಾಗ ಅವಸರ ಪಡದೆ ಈಗಲೇ ಕೋವಿಯನ್ನು ಲೈಸೆನ್ಸ್ ಇರುವ ಕೋವಿ ರಿಪೇರಿಯವರ ಬಳಿ ಒಯ್ದು, ನಳಿಗೆಯ ಗೋಡೆ ಎಲ್ಲಿ ಎಷ್ಟು ತೆಳುವಾಗಿದೆ, ಕೋಣೆ 65 ಮಿಲಿಮೀಟರೋ 70ರದೋ, ಯಾವ ಮದ್ದಿಗೆ ಪರೀಕ್ಷೆಯಾಗಿದೆ ಎಂದು ನೋಡಿಸಿ, ಅವರು ಹೇಳಿದ್ದನ್ನು ಒಂದು ಚೀಟಿಯಲ್ಲಿ ಬರೆಸಿಕೊಂಡು ಕೋವಿಯ ಜೊತೆಗೇ ಇಡಿ. ಮನೆತನದ ಹಿರಿಯರಾದ ಪಟ್ಟೆದಾರರು ತಮ್ಮ ಒಕ್ಕದ ಎಲ್ಲ ಕೋವಿಗಳಿಗೂ ಇದನ್ನು ಒಂದೇ ದಿನ ಮಾಡಿಸಿದರೆ ಇನ್ನೂ ಒಳ್ಳೆಯದು. ಗುರುತು ಓದಲಾಗದ, ಉಬ್ಬು ಕಂಡ, ಒಳಗೆ ತುಕ್ಕು ಗುಳಿಬಿದ್ದ ನಳಿಗೆಯಲ್ಲಿ ಒಂದೇ ಒಂದು ಗುಂಡನ್ನೂ ಹೊಡೆಯಬೇಡಿ.